ಮಾಡೆಲ್ ಓಡ್ತಾ?

ಪ್ರಾಜೆಕ್ಟ್ ಎಕ್ಸಿಬಿಷನ್ ಹತ್ರ ಬಂತು ಅಂದ್ರೆ ಮೆಕ್ಯಾನಿಕಲ್ ಬ್ಲಾಕಿನ ಕಾರಿಡಾರ್‌ನಲ್ಲಿ ಹೊಸ ಪೇಂಟಿನ ವಾಸನೆ ಶುರುವಾಗುತ್ತೆ. ವೆಲ್ಡಿಂಗ್ ಕಲೆ ಮುಚ್ಚೋಕೆ ನೀಲಿ ಬಣ್ಣ, ಬೆಲ್ಟ್ ಗಾರ್ಡಿಗೆ ಹಳದಿ ಬಣ್ಣ, ಹಿಂದೆ ಒಂದು ಫ್ಲೆಕ್ಸ್. ಎಕ್ಸಾಮಿನರ್ ಬರ್ತಾರೆ, ಫ್ಲೆಕ್ಸ್ ಮೇಲೆ ಕಣ್ಣಾಡಿಸ್ತಾರೆ. ಆಮೇಲೆ ಅವರು ಕೇಳೋ ಮೊದಲ ಪ್ರಶ್ನೆ ನಿಮಗೆಲ್ಲ ಗೊತ್ತು: "ಮಾಡೆಲ್ ಓಡ್ತಾ?"

ಓಡಿದ್ರೆ ಅರ್ಧ ಗೆದ್ದ ಹಾಗೆ. ಸ್ವಿಚ್ ಹಾಕಿ, ಒಂದು ಸದ್ದು ಬಂದು, ಏನೋ ಒಂದು ತಿರುಗಿದ್ರೆ ಸಾಕು, ಮುಂದಿನ ಐದು ನಿಮಿಷ ಸಲೀಸು. ಓಡದಿದ್ರೆ ನಾಲ್ಕು ತಿಂಗಳು ನೀವು ಏನು ಯೋಚನೆ ಮಾಡಿದ್ರಿ, ಎಷ್ಟು ಸಲ ಬಿಚ್ಚಿ ಕಟ್ಟಿದ್ರಿ ಅನ್ನೋದನ್ನ ಕೇಳುವವರು ಯಾರೂ ಇಲ್ಲ.

ಆ ಪ್ರಶ್ನೆಯೇ ತಪ್ಪು ಅಂತ ನಾನು ಹೇಳ್ತಿಲ್ಲ. ಓಡದ ಮಷೀನ್ ಕಟ್ಟಿಕೊಂಡು ಯಾರಿಗೇನಾಗಬೇಕು? ಆದರೆ ಅದೊಂದನ್ನೇ ಕೇಳಿ ಒಬ್ಬ ಹುಡುಗನಿಗೋ ಹುಡುಗಿಗೋ ಡಿಸೈನ್ ಮಾಡೋಕೆ ಬರುತ್ತಾ ಇಲ್ವಾ ಅಂತ ತೀರ್ಮಾನ ಮಾಡ್ತೀವಲ್ಲ, ನನ್ನ ತಕರಾರು ಅದರ ಮೇಲೆ. ಊಟದ ರುಚಿ ನೋಡಿ ಅಡುಗೆಯವರಿಗೆ ಮಾರ್ಕ್ಸ್ ಕೊಡಬಹುದು, ಸರಿ. ಊಟ ಹೋಟೆಲಿನಿಂದ ಪಾರ್ಸೆಲ್ ಬಂದಿದ್ರೆ? ಪ್ರಾಜೆಕ್ಟ್ ಮಾಡಿಕೊಡೋ ಅಂಗಡಿಗಳು ಎಲ್ಲಿವೆ, ರಿಪೋರ್ಟ್ ಸಮೇತ ಕೊಟ್ರೆ ಎಷ್ಟು, ಬರೀ ಮಾಡೆಲ್ ಆದ್ರೆ ಎಷ್ಟು ಅನ್ನೋದು ಏಳನೇ ಸೆಮ್ ಮುಗಿಸಿದ ಯಾರಿಗೆ ಗೊತ್ತಿಲ್ಲ ಹೇಳಿ. ಅಂಗಡಿಯವರ ಮಾಡೆಲ್ ಯಾವತ್ತೂ ಓಡುತ್ತೆ. ಅದು ಅವರ ಹೊಟ್ಟೆಪಾಡು.

ನಾನೀಗ ಎಂ.ಟೆಕ್. ಹುಡುಗ. ಲ್ಯಾಬ್‌ನಲ್ಲಿ ಜೂನಿಯರ್‌ಗಳಿಗೆ ಸಹಾಯ ಮಾಡ್ತೀನಿ, ಎಕ್ಸಿಬಿಷನ್ ದಿನ ಮಾರ್ಕ್ಸ್ ಶೀಟ್ ಹಿಡಿದುಕೊಂಡು ಎಕ್ಸಾಮಿನರ್ ಹಿಂದೆ ಓಡಾಡ್ತೀನಿ. ಅಂದ್ರೆ ಮೇಜಿನ ಎರಡೂ ಕಡೆ ನಿಂತು ನೋಡಿದ್ದೀನಿ. ಮೊದಲು ಆ ಕಡೆಯ ಕಥೆ ಹೇಳಿಬಿಡ್ತೀನಿ. ಬಿ.ಇ. ಓದಿದ್ದು ಬೇರೆ ಕಾಲೇಜಲ್ಲಿ, ಹೆಸರು ಬೇಡ.

ನಮ್ಮದು ನಾಲ್ಕು ಜನರ ಟೀಮು. ಪ್ರಾಜೆಕ್ಟು ಕಡಲೆಕಾಯಿ ಸುಲಿಯೋ ಯಂತ್ರ. ನಗಬೇಡಿ, ಪ್ರತಿ ವರ್ಷ ಪ್ರತಿ ಕಾಲೇಜಲ್ಲೂ ಒಂದು ಕಡಲೆಕಾಯಿ ಯಂತ್ರ ಇದ್ದೇ ಇರುತ್ತೆ ಅಂತ ನನಗೂ ಗೊತ್ತು. ನಮ್ಮ ಗೆಳೆಯನ ಊರು ಚಳ್ಳಕೆರೆ ಪಕ್ಕ. ಎಣ್ಣೆ ಮಿಲ್ಲುಗಳ ಊರು ಅದು, ಸುತ್ತ ಎಲ್ಲಿ ನೋಡಿದ್ರೂ ಶೇಂಗಾ ಹೊಲ. "ನಮ್ಮಜ್ಜಿ ಬೇಸಿಗೆಯೆಲ್ಲ ಕೂತು ಬಿತ್ತನೆ ಬೀಜ ಸುಲೀತಾರೆ, ಹೆಬ್ಬೆರಳು ಒಡೆದು ಹೋಗಿರುತ್ತೆ, ಅವರಿಗೆ ಆಗೋ ಹಾಗೆ ಒಂದು ಮಾಡೋಣ" ಅಂದ. ಸರಿ ಅಂತ ಶುರು ಮಾಡಿದ್ವಿ.

ಮೊದಲ ಮಷೀನ್ ಪುಸ್ತಕದಲ್ಲಿ ಇರೋ ಹಾಗೇ ಇತ್ತು. ತಿರುಗೋ ಡ್ರಮ್ಮಿನ ಮೇಲೆ ಕಬ್ಬಿಣದ ಪಟ್ಟಿ, ಕೆಳಗೆ ಅರ್ಧಚಂದ್ರಾಕಾರದ ಸರಳಿನ ಜರಡಿ. ಇವೆರಡರ ನಡುವೆ ಕಾಯಿ ಸಿಕ್ಕಿ, ಉಜ್ಜಿ, ಸಿಪ್ಪೆ ಒಡೆದು ಬೀಜ ಕೆಳಗೆ ಬೀಳುತ್ತೆ. 1440 ಆರ್‌ಪಿಎಂ ಮೋಟರು, ಬೆಲ್ಟು, ಪುಲ್ಲಿ. ಓಡಿತು! ಮೊದಲ ದಿನವೇ ಓಡಿತು. ಗೈಡ್ ಬಂದು ನೋಡಿ ಬೆನ್ನು ತಟ್ಟಿದ್ರು. ಅವತ್ತೇ ಎಕ್ಸಿಬಿಷನ್ ಇದ್ದಿದ್ರೆ ನಮಗೆ ಪೂರ್ತಿ ಮಾರ್ಕ್ಸ್ ಬಂದಿರೋದು.

ಆ ವಾರ ಅರ್ಧ ಚೀಲ ಸುಲಿದ ಬೀಜ ತಗೊಂಡು ಊರಿಗೆ ಹೋದ್ವಿ. ಅಜ್ಜಿ ಮೊರದಲ್ಲಿ ಹಾಕಿಕೊಂಡು ಕೈಯಾಡಿಸಿದ್ರು. ಒಡೆದ ಬೇಳೆ ಒಂದು ಕಡೆ, ಇಡೀ ಬೀಜ ಒಂದು ಕಡೆ. ಆಮೇಲೆ ಇಡೀ ಬೀಜದಲ್ಲೂ ಕೆಂಪು ಸಿಪ್ಪೆ ಕಿತ್ತು ಬಂದಿರೋದನ್ನೆಲ್ಲ ಇನ್ನೊಂದು ಕಡೆ ತೆಗೆದಿಟ್ರು. "ಇವು ಎಣ್ಣೆಗಾದ್ರೆ ಆತಪ್ಪ, ಬಿತ್ತಾಕೆ ಆಗಲ್ಲ" ಅಂದ್ರು. ಒಡೆದ ಬೇಳೆ ಮೊಳೆಯಲ್ಲ ಅನ್ನೋದು ನಮಗೂ ಗೊತ್ತಿತ್ತು. ಆದರೆ ಸಿಪ್ಪೆಗೆ ಪೆಟ್ಟು ಬಿದ್ದ ಬೀಜವೂ ಮಣ್ಣಲ್ಲಿ ಕೊಳೆತು ಹೋಗಬಹುದು ಅನ್ನೋದು ನಾಲ್ಕೂ ಜನರಿಗೆ ಹೊಳೆದಿರಲಿಲ್ಲ. ಅಜ್ಜಿ ಸುಲಿಯೋ ಹಿಂದಿನ ರಾತ್ರಿ ಕಾಯಿಗೆ ಒಂಚೂರು ನೀರು ಚಿಮುಕಿಸಿ ಗೋಣಿ ಮುಚ್ಚಿಡ್ತಿದ್ರು, ಬೀಜ ಒಡೆಯದೇ ಇರಲಿ ಅಂತ. ಅದು ಯಾಕೆ ಅಂತಲೂ ನಾವು ಅಲ್ಲಿಯವರೆಗೆ ಕೇಳಿರಲಿಲ್ಲ.

ವಾಪಸ್ ಬಂದು ಮಷೀನ್ ಬಿಚ್ಚಿದ್ವಿ. ಇನ್ಮುಂದಿನ ಐಡಿಯಾ ಎಲ್ಲ ಆ ಗೆಳೆಯನದೇ. ಕಬ್ಬಿಣದ ಪಟ್ಟಿಗೆ ಹಳೇ ಸೈಕಲ್ ಟಯರ್ ಕತ್ತರಿಸಿ ಕಟ್ಟಿದ. ಪುಲ್ಲಿ ದೊಡ್ಡದು ಮಾಡಿ ವೇಗ ಇಳಿಸಿದ. ಡ್ರಮ್ಮಿಗೂ ಜರಡಿಗೂ ನಡುವಿನ ಗ್ಯಾಪನ್ನ ಎರಡು ಬೋಲ್ಟ್ ತಿರುಗಿಸಿ ಹೆಚ್ಚುಕಡಿಮೆ ಮಾಡೋ ಹಾಗೆ ಇಟ್ಟ, ಯಾಕಂದ್ರೆ ಕಾಯಿಯ ದಪ್ಪ ಹೊಲದಿಂದ ಹೊಲಕ್ಕೆ ಬೇರೆ. ಗ್ಯಾಪ್ ಹೆಚ್ಚು ಮಾಡಿದ್ರೆ ಒಡೆಯೋದು ಕಡಿಮೆ ಆಗ್ತಿತ್ತು, ಆದರೆ ಸಣ್ಣ ಕಾಯಿ ಸುಲಿಯದೇ ಹಾಗೇ ಕೆಳಗೆ ಬೀಳ್ತಿತ್ತು. ಕಡಿಮೆ ಮಾಡಿದ್ರೆ ಎಲ್ಲ ಸುಲೀತಿತ್ತು, ಆದರೆ ದಪ್ಪ ಕಾಯಿಯ ಬೀಜ ನುಚ್ಚು. ಕೊನೆಗೆ ಗ್ಯಾಪ್ ಹೆಚ್ಚೇ ಇಟ್ಟು, ಸುಲಿಯದೇ ಉಳಿದದ್ದನ್ನ ಎರಡನೇ ಸಲ ಹಾಕೋದು ಅಂತ ತೀರ್ಮಾನ ಆಯ್ತು. ಒಂದು ಗಂಟೆಗೆ ಎಷ್ಟು ಕೆ.ಜಿ. ಅನ್ನೋ ಲೆಕ್ಕ ಅರ್ಧಕ್ಕೆ ಇಳೀತು. ಹಾಸ್ಟೆಲ್ ರೂಮಲ್ಲಿ ನೂರು ಬೀಜ ಎಣಿಸಿ ಒದ್ದೆ ಗೋಣಿಯಲ್ಲಿ ಕಟ್ಟಿಟ್ಟು ಮೊಳಕೆ ನೋಡಿದ್ವಿ. ಮೊದಲ ಮಷೀನಿನ ಬೀಜಕ್ಕೂ ಎರಡನೇದಕ್ಕೂ ಇದ್ದ ವ್ಯತ್ಯಾಸ ಬರಿಗಣ್ಣಿಗೇ ಕಾಣ್ತಿತ್ತು. ವಾಸನೆಯೂ ಬರ್ತಿತ್ತು. ರೂಮ್‌ಮೇಟ್ ಎರಡು ದಿನ ಮಾತು ಬಿಟ್ಟಿದ್ದ, ಅದು ಬೇರೆ ವಿಷಯ.

ಈಗ ವೈವಾ ದಿನ. ರಿಪೋರ್ಟಿನಲ್ಲಿ ಮೊದಲ ಮಷೀನಿನ ಮೇಲೆ ಒಂದು ಅಧ್ಯಾಯ ಬರೆದಿದ್ವಿ. "ಫೇಲ್ ಆಗಿದ್ದನ್ನೆಲ್ಲ ಯಾಕೆ ಬರೀತೀರಿ, ಎಕ್ಸಾಮಿನರ್ ಅಲ್ಲೇ ಹಿಡಿದುಕೊಳ್ತಾರೆ, ತೆಗೀರಿ" ಅಂದ್ರು. ತೆಗೆದ್ವಿ. ತೆಗೆದದ್ದು ನಾನೇ, ನನ್ನ ಲ್ಯಾಪ್‌ಟಾಪಲ್ಲೇ, ಹನ್ನೆರಡು ಪುಟ ಸೆಲೆಕ್ಟ್ ಮಾಡಿ ಡಿಲೀಟ್. ಅಧ್ಯಾಯದ ನಂಬರ್ ಸರಿ ಮಾಡಿ ಸ್ಪೈರಲ್ ಬೈಂಡ್ ಮಾಡಿಸಿದ್ದೂ ನಾನೇ.

ಎಕ್ಸಾಮಿನರ್ ಕೇಳಿದ್ರು: "ಹೋದ ವರ್ಷದ ಬ್ಯಾಚಿನ ಮಷೀನ್ ಇದರ ಎರಡರಷ್ಟು ಸುಲೀತಿತ್ತಲ್ಲ. ನಿಮ್ಮದು ಯಾಕೆ ಕಮ್ಮಿ?" ಇಡೀ ಪ್ರಾಜೆಕ್ಟಿನ ಜೀವ ಇದ್ದದ್ದೇ ಆ ಪ್ರಶ್ನೆಯ ಉತ್ತರದಲ್ಲಿ. ಉತ್ತರ ಗೊತ್ತಿದ್ದವನು ನನ್ನ ಪಕ್ಕದಲ್ಲಿ ನಿಂತಿದ್ದ. ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ. ಇಂಗ್ಲಿಷಲ್ಲಿ "ಸರ್, ಸೀಡ್... ಬ್ರೇಕ್..." ಅಂತ ಶುರು ಮಾಡಿ ನಿಲ್ಲಿಸಿದ. ನಾನು ನಡುವೆ ಬಾಯಿ ಹಾಕಿ ಆಪ್ಟಿಮೈಸೇಶನ್, ಟ್ರೇಡ್ ಆಫ್ ಅಂತ ನಾಲ್ಕು ದೊಡ್ಡ ಮಾತು ಹೇಳಿದೆ. ಎಕ್ಸಾಮಿನರ್ ತಲೆಯಾಡಿಸಿದ್ರು. ಟೀಮಲ್ಲಿ ಅತಿ ಹೆಚ್ಚು ಮಾರ್ಕ್ಸ್ ನನಗೆ ಬಂತು. ಅತಿ ಕಡಿಮೆ ಅವನಿಗೆ.

ಅವತ್ತು ಅಳೆದದ್ದು ಏನನ್ನ? ಇದೇ ಪ್ರಶ್ನೆ ಆಗಿನಿಂದ ನನ್ನ ತಲೆಯಲ್ಲಿ ಕೊರೀತಾ ಇದೆ.

ಪ್ರಾಜೆಕ್ಟ್ ಬಿಡಿ, ಥಿಯರಿ ಪೇಪರಿಗೆ ಬನ್ನಿ. ಹೆಸರಲ್ಲೇ ಡಿಸೈನ್ ಇರೋ ಸಬ್ಜೆಕ್ಟು ನಮ್ಮಲ್ಲಿ ಮಷೀನ್ ಡಿಸೈನ್. ಡೇಟಾ ಹ್ಯಾಂಡ್‌ಬುಕ್ ಹಿಡಿದುಕೊಂಡೇ ಪರೀಕ್ಷೆಗೆ ಹೋಗೋ ಭಾಗ್ಯ ಅದಕ್ಕಿದೆ. ಪ್ರಶ್ನೆ ಹೇಗಿರುತ್ತೆ? ಇಷ್ಟು ಕಿಲೋವ್ಯಾಟ್, ಇಷ್ಟು ಆರ್‌ಪಿಎಂ, ಈ ವಸ್ತು, ಇಷ್ಟು ಒತ್ತಡ ತಡೆಯುತ್ತೆ, ಶಾಫ್ಟ್ ಡಿಸೈನ್ ಮಾಡಿ. ಸೂತ್ರಕ್ಕೆ ಹಾಕಿದ್ರೆ 37.2 ಮಿ.ಮೀ. ಬರುತ್ತೆ ಅಂದುಕೊಳ್ಳಿ. ಹ್ಯಾಂಡ್‌ಬುಕ್ಕಿನ ಟೇಬಲ್ ನೋಡಿ ಅದರ ಮೇಲಿನ ಸ್ಟ್ಯಾಂಡರ್ಡ್ ಅಳತೆ 40 ಅಂತ ಬರೀತೀವಿ, ಅಂಡರ್‌ಲೈನ್ ಮಾಡ್ತೀವಿ. ಇಡೀ ಉತ್ತರದಲ್ಲಿ ನಾವು ತಗೊಂಡ ಒಂದೇ ಒಂದು ನಿರ್ಧಾರ ಅಂದ್ರೆ ಆ 37.2ನ್ನ 40 ಮಾಡಿದ್ದು. ಅದನ್ನೂ ಟೇಬಲ್ಲೇ ಹೇಳಿಕೊಟ್ಟಿರುತ್ತೆ. ಶಾಫ್ಟೇ ಬೇಕಾ, ಬೇರೆ ದಾರಿ ಇದೆಯಾ, ಈ ಊರಲ್ಲಿ ಆ ಸ್ಟೀಲ್ ಸಿಗುತ್ತಾ, ಮುರಿದರೆ ಯಾರು ರಿಪೇರಿ ಮಾಡ್ತಾರೆ ಅನ್ನೋದಕ್ಕೆಲ್ಲ ಪ್ರಶ್ನೆಪತ್ರಿಕೆ ಬರೆದವರು ಮೊದಲೇ ಉತ್ತರ ಕೊಟ್ಟು ನಮ್ಮ ಕೈಗೆ ಲೆಕ್ಕ ಮಾತ್ರ ಕೊಟ್ಟಿರ್ತಾರೆ. ಲೆಕ್ಕ ಬೇಕು, ಅನುಮಾನವೇ ಇಲ್ಲ. ಲೆಕ್ಕ ತಪ್ಪಿದ ಸೇತುವೆ ಮೇಲೆ ನಾನಂತೂ ಓಡಾಡಲ್ಲ. ಆದರೆ ಅರವತ್ತು ಜನ ಬರೆದು ಅರವತ್ತು ಜನಕ್ಕೂ ಒಂದೇ ಉತ್ತರ ಬರಬೇಕು ಅನ್ನೋ ಪರೀಕ್ಷೆಯಲ್ಲಿ ಡಿಸೈನ್‌ಗೆ ಜಾಗ ಎಲ್ಲಿದೆ?

ಇನ್ನೂ ಮಜಾ ಬೇಕಂದ್ರೆ ಮೊದಲ ವರ್ಷದ ‘ಇನ್ನೊವೇಶನ್ ಅಂಡ್ ಡಿಸೈನ್ ಥಿಂಕಿಂಗ್’ ನೆನಪು ಮಾಡಿಕೊಳ್ಳಿ. ಹೊಸದಾಗಿ ಯೋಚನೆ ಮಾಡೋದು ಹೇಗೆ ಅನ್ನೋ ಕೋರ್ಸು. ಕೊನೇ ಪರೀಕ್ಷೆ ಒಂದು ಗಂಟೆ, ಐವತ್ತು ಪ್ರಶ್ನೆ, ನಾಲ್ಕರಲ್ಲಿ ಒಂದು ಸರಿ ಉತ್ತರ. ಜನರ ಕಷ್ಟ ಅರ್ಥ ಮಾಡಿಕೊಳ್ಳೋದು ಎಷ್ಟನೇ ಹಂತ ಅಂತ ಗುಂಡಿ ತುಂಬಿಸಿ ಬಂದ್ವಿ.

ಕಾಗದದ ಮೇಲೆ ನೋಡಿದ್ರೆ ಎಲ್ಲ ಸರಿಯಾಗೇ ಇದೆ. ಭಾರತ 2014ರಲ್ಲಿ ವಾಷಿಂಗ್ಟನ್ ಒಪ್ಪಂದದ ಪೂರ್ಣ ಸದಸ್ಯ ಆಯ್ತು. ಎನ್‌ಬಿಎ ಟಿಯರ್-1 ಮಾನ್ಯತೆ ಪಡೆದ ಕೋರ್ಸಿನ ಪದವಿಯನ್ನ ಆ ಒಪ್ಪಂದದ ಬೇರೆ ದೇಶಗಳೂ ಸಮಾನ ಅಂತ ಒಪ್ಪಿಕೊಳ್ತವೆ. ಅದಕ್ಕೆ ಪ್ರತಿಯಾಗಿ ನಮ್ಮ ವಿದ್ಯಾರ್ಥಿಗಳು ಏನೇನು ಬಲ್ಲರು ಅಂತ ತೋರಿಸಬೇಕು. ಪಿಒ ಅಂತ ಡೈರಿಯ ಮೊದಲ ಪುಟದಲ್ಲಿ ಇರುತ್ತಲ್ಲ, ಅದರಲ್ಲಿ ಮೂರನೆಯದು ಡಿಸೈನ್‌ದು. ಸಮಾಜ, ಸುರಕ್ಷತೆ, ಪರಿಸರ ಎಲ್ಲ ಗಮನದಲ್ಲಿಟ್ಟು ಪರಿಹಾರ ರೂಪಿಸಬೇಕು ಅನ್ನೋ ಅರ್ಥದ್ದು. ಬಹಳ ಒಳ್ಳೇ ಮಾತು. ಆದರೆ ಅದನ್ನ ಅಳೆಯೋದು ಹೇಗೆ? ಸಿಒ-ಪಿಒ ಮ್ಯಾಪಿಂಗ್ ಅಂತ ಒಂದು ಎಕ್ಸೆಲ್ ಶೀಟ್. ಅದರಲ್ಲಿ 3, 2, 1. ಶಾಫ್ಟಿನ ಲೆಕ್ಕಕ್ಕೆ ಬಂದ ಮಾರ್ಕ್ಸು ಆ ಶೀಟಿನ ಒಳಗೆ ಹೋಗಿ ‘ಡಿಸೈನ್ ಸಾಮರ್ಥ್ಯ 2.4’ ಅಂತ ಆಗಿ ಹೊರಗೆ ಬರುತ್ತೆ. ಕಬ್ಬು ಹಾಕಿದ್ರೆ ಹಾಲು ಬರೋ ಗಾಣ ಅದು. ಅದನ್ನ ತುಂಬಿಸಿ ತುಂಬಿಸಿ ನಮ್ಮ ಮೇಷ್ಟ್ರುಗಳ ಕಣ್ಣು ಹೋಗಿದೆ, ಅವರನ್ನ ಬೈದು ಪ್ರಯೋಜನ ಇಲ್ಲ.

ಹಾಗಾದ್ರೆ ಡಿಸೈನ್ ಬಲ್ಲವರು ಅಂದ್ರೆ ಯಾರು? ಇದನ್ನ ಕೂತು ನೋಡಿದವರಿದ್ದಾರೆ. ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದ ಸಿಂಥಿಯಾ ಆಟ್ಮನ್ ಮತ್ತು ಜೊತೆಯವರು ಮಾಡಿದ ಅಧ್ಯಯನ ಒಂದಿದೆ. ಮೊದಲ ವರ್ಷದ ವಿದ್ಯಾರ್ಥಿಗಳು, ಕೊನೇ ವರ್ಷದವರು, ಆಮೇಲೆ ವರ್ಷಗಟ್ಟಲೆ ಕೆಲಸ ಮಾಡಿದ ಇಂಜಿನಿಯರುಗಳು, ಎಲ್ಲರಿಗೂ ಒಂದೇ ಕೆಲಸ: ಒಂದು ಬಡಾವಣೆಗೆ ಮಕ್ಕಳ ಆಟದ ಮೈದಾನ ಡಿಸೈನ್ ಮಾಡಿ. ಮೂರು ಗಂಟೆ ಟೈಮ್. ತಲೆಯಲ್ಲಿ ಬಂದದ್ದನ್ನೆಲ್ಲ ಬಾಯಿಬಿಟ್ಟು ಹೇಳ್ತಾ ಇರಬೇಕು. ಬಜೆಟ್, ಜಾಗ, ಸಾಮಾನಿನ ಬೆಲೆ, ಇಂಥ ಮಾಹಿತಿ ಬೇಕಂದ್ರೆ ಕೇಳಿದ್ರೆ ಕೊಡ್ತಾರೆ. ಕೇಳದಿದ್ರೆ ಇಲ್ಲ. 2007ರಲ್ಲಿ ಪ್ರಕಟವಾದ ಹೋಲಿಕೆಯಲ್ಲಿ ಎದ್ದು ಕಂಡದ್ದು ಏನು ಗೊತ್ತಾ? ಅನುಭವಿಗಳು ಸಮಸ್ಯೆ ಏನು ಅಂತ ಬಿಡಿಸಿ ನೋಡೋದಕ್ಕೆ ವಿದ್ಯಾರ್ಥಿಗಳಿಗಿಂತ ಹೆಚ್ಚು ಹೊತ್ತು ಕೊಟ್ಟರು. ಹೆಚ್ಚು ಮಾಹಿತಿ ಕೇಳಿದರು, ಬೇರೆ ಬೇರೆ ಬಗೆಯದ್ದನ್ನ ಕೇಳಿದರು. ಅಂದ್ರೆ ನಮ್ಮಜ್ಜಿಯ... ಕ್ಷಮಿಸಿ, ಗೆಳೆಯನ ಅಜ್ಜಿಯ ಮೊರದ ಮುಂದೆ ಮೊದಲೇ ಹೋಗಿ ಕೂತುಕೊಳ್ಳೋರು ಅವರು. ನಾವು ವೆಲ್ಡಿಂಗ್ ಎಲ್ಲ ಮುಗಿದ ಮೇಲೆ ಹೋದವರು.

ಅದೇ ತಂಡದವರು ವಿದ್ಯಾರ್ಥಿಗಳಿಗೆ ಕೇಳಿದ ಇನ್ನೊಂದು ಪ್ರಶ್ನೆ ನನಗೆ ಬಹಳ ಇಷ್ಟ. ಮಿಸಿಸಿಪಿ ನದಿಗೆ ಪ್ರವಾಹ ಬಂದಿದೆ, ತಡೆಗೋಡೆ ಕಟ್ಟಬೇಕು, ಏನೇನನ್ನ ಗಮನಕ್ಕೆ ತಗೋತೀರಿ ಅಂತ. ಡಿಸೈನ್ ಮಾಡಬೇಕಾಗಿಲ್ಲ, ಪಟ್ಟಿ ಬರೆದರೆ ಸಾಕು. ಬಂದ ಉತ್ತರಗಳನ್ನ ಗೋಡೆ, ನೀರು, ದಂಡೆ, ಸುತ್ತಲಿನ ಪ್ರದೇಶ ಅಂತ ವಿಂಗಡಿಸಿ ನೋಡ್ತಾರೆ. ಗೋಡೆಯ ದಪ್ಪ, ಕಾಂಕ್ರೀಟಿನ ಗ್ರೇಡ್ ಅಷ್ಟರಲ್ಲೇ ಮುಗಿಸೋರು ಯಾರು, ದಂಡೆಯ ಹೊಲ, ಊರು, ಜಾನುವಾರು, ಕೆಳಗಿನ ಊರಿಗೆ ಆಗೋ ಪರಿಣಾಮದ ತನಕ ಹೋಗೋರು ಯಾರು ಅನ್ನೋದು ಒಂದೇ ಪುಟದಲ್ಲಿ ಗೊತ್ತಾಗಿಬಿಡುತ್ತೆ. ನಮಗೆ ಮಿಸಿಸಿಪಿ ಯಾಕೆ, 2019ರಲ್ಲಿ ಕೃಷ್ಣಾ, ಮಲಪ್ರಭಾ ಉಕ್ಕಿ ಬಂದು ಬೆಳಗಾವಿ, ಬಾಗಲಕೋಟೆ ಕಡೆ ಊರಿಗೆ ಊರೇ ಮುಳುಗಿದ್ದನ್ನ ನೋಡಿದ ಹುಡುಗರು ನಮ್ಮ ಕ್ಲಾಸಲ್ಲೇ ಇದ್ದಾರೆ. ಅವರ ಪಟ್ಟಿ ಬೇರೆಯವರದ್ದಕ್ಕಿಂತ ಉದ್ದ ಇರುತ್ತೆ ಅಂತ ನನ್ನ ಅಂದಾಜು. ಇದೊಂದು ಪ್ರಶ್ನೆಯನ್ನ ಮೊದಲ ಸೆಮ್‌ನಲ್ಲಿ ಒಮ್ಮೆ, ಏಳನೇ ಸೆಮ್‌ನಲ್ಲಿ ಒಮ್ಮೆ ಕೇಳಿ ಎರಡೂ ಹಾಳೆ ಪಕ್ಕ ಪಕ್ಕ ಇಟ್ಟರೆ, ನಾಲ್ಕು ವರ್ಷದಲ್ಲಿ ಕಾಲೇಜು ನಮಗೆ ಏನು ಕಲಿಸಿತು ಅಂತ ಆ ಎಕ್ಸೆಲ್ ಶೀಟಿಗಿಂತ ಚೆನ್ನಾಗಿ ತಿಳಿಯುತ್ತೆ. ಖರ್ಚು ಎರಡು ಹಾಳೆ.

ನಮ್ಮ ಕ್ಯಾಂಪಸ್ಸಿನಲ್ಲೇ ಈ ಥರದ ಪರೀಕ್ಷೆ ಎದುರಿಸಿದವರು ಇದ್ದಾರೆ. ರೇಸಿಂಗ್ ಟೀಮಿನವರನ್ನ ಕೇಳಿ. ಫಾರ್ಮುಲಾ ಸ್ಟೂಡೆಂಟ್ ಥರದ ಸ್ಪರ್ಧೆಯಲ್ಲಿ ಒಟ್ಟು ಸಾವಿರ ಅಂಕಗಳಲ್ಲಿ 150 ಅಂಕ ಡಿಸೈನ್ ಈವೆಂಟ್‌ಗೆ. ಅಲ್ಲಿ ಕಾರು ಓಡೋದೇ ಇಲ್ಲ. ನಿಂತಿರುತ್ತೆ. ಜಡ್ಜುಗಳು ಬಂದು ಒಂದೊಂದು ಪಾರ್ಟ್ ತೋರಿಸಿ ಕೇಳ್ತಾರೆ: ಇದು ಯಾಕೆ ಹೀಗೆ? ಬೇರೆ ಏನು ನೋಡಿದ್ರಿ? ಈ ನಂಬರ್ ಎಲ್ಲಿಂದ ಬಂತು, ಟೆಸ್ಟ್ ಮಾಡಿದ್ರಾ ಅಥವಾ ಸಾಫ್ಟ್‌ವೇರ್ ಹೇಳಿದ್ದಾ? "ಸೀನಿಯರ್‌ಗಳು ಹಾಗೇ ಮಾಡಿದ್ರು" ಅನ್ನೋ ಉತ್ತರ ಕೊಟ್ಟವರ ಮುಖ ನೋಡಬೇಕು ಆಗ. ಕಾರು ಓಡೋದಕ್ಕೆ ಬೇರೆ ಅಂಕ ಇದ್ದೇ ಇದೆ, ಅದೇ ಹೆಚ್ಚು. ಆದರೆ ಯಾಕೆ ಅನ್ನೋದಕ್ಕೆ ಪ್ರತ್ಯೇಕ ಜಾಗ ಇದೆ. ಅಂಗಡಿಯಿಂದ ಕೊಂಡು ತಂದ ಪಾರ್ಟಿಗೂ ಅಲ್ಲಿ ಅಂಕ ಬರಬಹುದು, ಅದನ್ನೇ ಯಾಕೆ ಕೊಂಡ್ರಿ ಅಂತ ಹೇಳೋಕೆ ಬಂದ್ರೆ.

ಪ್ರತಿ ಸೆಪ್ಟೆಂಬರ್ 15ಕ್ಕೆ ನಾವು ಹಾರ ಹಾಕೋ ವಿಶ್ವೇಶ್ವರಯ್ಯನವರದ್ದೇ ಉದಾಹರಣೆ ನೋಡಿ. ಪುಣೆ ಹತ್ತಿರದ ಖಡಕ್‌ವಾಸ್ಲಾ ಅಣೆಕಟ್ಟಿಗೆ ಅವರು ಕೂರಿಸಿದ ಸ್ವಯಂಚಾಲಿತ ಗೇಟುಗಳು 1903ರವು. ಅದಕ್ಕೆ ಪೇಟೆಂಟ್ ಕೂಡ ತಗೊಂಡಿದ್ರು. ಭಾಷಣದಲ್ಲಿ ಇಷ್ಟು ಎಲ್ಲರೂ ಹೇಳ್ತಾರೆ. ಆದರೆ ಆ ಗೇಟು ಯಾವ ಪ್ರಶ್ನೆಗೆ ಉತ್ತರ ಅನ್ನೋದನ್ನ ಯಾರೂ ಹೇಳಲ್ಲ. ಹೆಚ್ಚು ನೀರು ಬೇಕು ಅಂದ್ರೆ ಎಲ್ಲರಿಗೂ ಹೊಳೆಯೋದು ಅಣೆಕಟ್ಟು ಎತ್ತರ ಮಾಡೋದು. ಅವರು ಮಾಡಿದ್ದು ಕೋಡಿ ಬಿದ್ದು ಹರಿದು ಹೋಗ್ತಿದ್ದ ನೀರನ್ನ ಅದೇ ಅಣೆಕಟ್ಟಿನಲ್ಲಿ ಹಿಡಿದಿಡೋ ದಾರಿ. ಪ್ರವಾಹ ಮಿತಿ ಮೀರಿ ಏರಿದರೆ ಗೇಟು ತಾನೇ ತೆರೆದುಕೊಂಡು, ಇಳಿದರೆ ತಾನೇ ಮುಚ್ಚಿಕೊಳ್ಳೋ ಹಾಗೆ. ಆ ಗೇಟು ನಮ್ಮ ಎಕ್ಸಿಬಿಷನ್ನಿಗೆ ಬಂದಿದ್ರೆ "ಮಾಡೆಲ್ ಓಡ್ತಾ" ಅಂತ ಕೇಳಿ, ನೀರಿಲ್ಲದ ಕಾರಿಡಾರ್‌ನಲ್ಲಿ ಅದು ಓಡದೇ, ಹತ್ತಕ್ಕೆ ನಾಲ್ಕು ಕೊಟ್ಟು ಮುಂದೆ ಹೋಗ್ತಿದ್ವಿ.

ಈಗ ಮೇಜಿನ ಈ ಕಡೆಯ ಮಾತು. ಇದನ್ನೆಲ್ಲ ನಾನು ನಮ್ಮ ಲ್ಯಾಬಿನ ಹಿರಿಯರೊಬ್ಬರ ಹತ್ರ ಹೇಳಿದಾಗ ಅವರು ಕೇಳಿದ್ದು: "ಒಂದು ದಿನಕ್ಕೆ ಇಪ್ಪತ್ತು ಪ್ರಾಜೆಕ್ಟ್ ನೋಡಬೇಕು. ‘ಯಾಕೆ’ ಅಂತ ಕೇಳ್ತಾ ಕೂತ್ರೆ ರಾತ್ರಿ ಆಗುತ್ತೆ. ಅಷ್ಟೇ ಅಲ್ಲ, ಯೋಚನೆಗೆ ಮಾರ್ಕ್ಸ್ ಕೊಟ್ರೆ ನಾನು ಎಂಟು ಕೊಟ್ಟಿದ್ದಕ್ಕೆ ಇನ್ನೊಬ್ಬರು ಐದು ಕೊಡ್ತಾರೆ. ಆಮೇಲೆ ನೀವೇ ಬಂದು ಜಗಳ ಆಡ್ತೀರಿ." ಎರಡೂ ನ್ಯಾಯವಾದ ಮಾತು. ಮಾಡೆಲ್ ಓಡ್ತಾ ಅನ್ನೋದು ಉಳಿದುಕೊಂಡಿರೋದೇ ಅದಕ್ಕೆ ಒಂದೇ ಉತ್ತರ ಇರೋದ್ರಿಂದ, ಜಗಳಕ್ಕೆ ಜಾಗ ಇಲ್ಲದ್ರಿಂದ.

ಎರಡನೇ ತೊಂದರೆಗೆ ಇಂಗ್ಲೆಂಡಿನಲ್ಲಿ ಒಂದು ಉಪಾಯ ಮಾಡಿದ್ರು. ಲಂಡನ್ನಿನ ಗೋಲ್ಡ್‌ಸ್ಮಿತ್ಸ್ ಕಾಲೇಜಿನ ರಿಚರ್ಡ್ ಕಿಂಬೆಲ್ ಅವರ ಇ-ಸ್ಕೇಪ್ ಅನ್ನೋ ಯೋಜನೆ. ಅದು ಶಾಲಾಮಕ್ಕಳದ್ದು, ಇಂಜಿನಿಯರಿಂಗಿನದ್ದಲ್ಲ. ಅದರಲ್ಲಿ ಒಂದು ಕೆಲಸ ಹೀಗಿತ್ತು: ಬಲ್ಬಿನ ಡಬ್ಬವನ್ನ ಡಿಸೈನ್ ಮಾಡಬೇಕು, ಆದರೆ ಬಲ್ಬ್ ಹೊರಗೆ ತೆಗೆದ ಮೇಲೆ ಆ ಡಬ್ಬವೇ ದೀಪದ ಅಲಂಕಾರ ಆಗಬೇಕು. ಮಕ್ಕಳು ಕೆಲಸ ಮಾಡ್ತಾ ಮಾಡ್ತಾ ಕೈಯಲ್ಲಿ ಹಿಡಿಯೋ ಸಣ್ಣ ಸಾಧನದಲ್ಲಿ ಸ್ಕೆಚ್, ಫೋಟೋ, ಧ್ವನಿ ಎಲ್ಲ ಆಗಿಂದಾಗಲೇ ಸೇರಿಸ್ತಾ ಹೋಗ್ತಾರೆ. ಕೊನೆಗೆ ಬಣ್ಣ ಬಳಿದು ಬರೆದ ರಿಪೋರ್ಟ್ ಅಲ್ಲ, ಆಗಾಗಿನ ಜಾಡು. ಜಡ್ಜುಗಳು ಯಾವುದಕ್ಕೂ ಹತ್ತಕ್ಕೆ ಇಷ್ಟು ಅಂತ ಕೊಡಲ್ಲ. ಎರಡು ಮಕ್ಕಳ ಕೆಲಸ ಪಕ್ಕ ಪಕ್ಕ ಇಟ್ಟು ಯಾವುದು ಮೇಲು ಅಂತ ಮಾತ್ರ ಹೇಳ್ತಾರೆ. ಹೀಗೆ ಬೇರೆ ಬೇರೆ ಜಡ್ಜುಗಳು ಬೇರೆ ಬೇರೆ ಜೋಡಿಗಳನ್ನ ನೋಡಿದ ಮೇಲೆ ಲೆಕ್ಕ ಹಾಕಿ ಇಡೀ ಕ್ಲಾಸಿನ ಸಾಲು ತಯಾರಾಗುತ್ತೆ. ಜಡ್ಜುಗಳ ನಡುವೆ ಹೊಂದಾಣಿಕೆ ಬಹಳ ಚೆನ್ನಾಗಿ ಬಂದದ್ದೇ ಅದರ ಹೆಗ್ಗಳಿಕೆ.

ರಾಜ್ಯೋತ್ಸವದ ರಂಗೋಲಿ ಸ್ಪರ್ಧೆಗೆ ನಮ್ಮ ಕನ್ನಡ ಸಂಘದವರು ಜಡ್ಜ್ ಆಗಿದ್ದಾಗ ಇದನ್ನೇ ಮಾಡಿದ್ದೀವಲ್ವಾ? ಈ ರಂಗೋಲಿಗೆ ಏಳೂವರೆ ಕೊಡಬೇಕಾ ಎಂಟಾ ಅಂದ್ರೆ ಒದ್ದಾಟ. ಈ ಎರಡರಲ್ಲಿ ಯಾವುದು ಚೆಂದ ಅಂದ್ರೆ ಮೂರು ಜಡ್ಜೂ ಒಂದೇ ಕಡೆ ಕೈ ತೋರಿಸ್ತಾರೆ. ನಮ್ಮ ಬುದ್ಧಿ ಹೋಲಿಸೋದರಲ್ಲಿ ಚುರುಕು, ಅಳೆಯೋದರಲ್ಲಿ ಮಂದ.

ಆ ಇಡೀ ವ್ಯವಸ್ಥೆ ನಾಳೆಯೇ ನಮ್ಮಲ್ಲಿ ಬರಲಿ ಅಂತ ನಾನು ಕೇಳ್ತಿಲ್ಲ. ವಿಶ್ವವಿದ್ಯಾಲಯದ ರೂಲ್ಸು ಬದಲಾಗೋದ್ರೊಳಗೆ ನಾನು ಪಿಎಚ್‌ಡಿ ಮುಗಿಸಿರ್ತೀನಿ. ಆದರೆ ಪ್ರಾಜೆಕ್ಟಿನ ಇಂಟರ್ನಲ್ ಮಾರ್ಕ್ಸು ಡಿಪಾರ್ಟ್‌ಮೆಂಟಿನ ಕೈಯಲ್ಲೇ ಇದೆ. ಅಲ್ಲಿ ಒಂದು ಕೆಲಸ ಈ ಸೆಮ್‌ನಿಂದಲೇ ಮಾಡಬಹುದು: ಒಂದು ನೋಟ್‌ಬುಕ್. ನೂರು ಪುಟದ ಸಾದಾ ರಫ್ ಬುಕ್ಕು. ಟೀಮಿನ ಪ್ರತಿಯೊಬ್ಬರಿಗೂ ಒಂದೊಂದು. ಪುಟಕ್ಕೆ ತಾರೀಖು ಹಾಕಿ, ಏನು ಯೋಚನೆ ಮಾಡಿದ್ರಿ, ಯಾರನ್ನ ಕೇಳಿದ್ರಿ, ಯಾವುದನ್ನ ಬೇಡ ಅಂದ್ರಿ, ಯಾಕೆ, ಏನು ಮುರೀತು ಅನ್ನೋದನ್ನ ಅವತ್ತವತ್ತೇ ಬರೆಯೋದು. ಹದಿನೈದು ದಿನಕ್ಕೊಮ್ಮೆ ಗೈಡ್ ಸಹಿ. ಪೆನ್ನಿನ ಬಣ್ಣ, ಎಣ್ಣೆ ಕಲೆ, ಕಾಟು ಹೊಡೆದ ಗೀಟು, ಇವನ್ನೆಲ್ಲ ಕೊನೇ ವಾರ ಕೂತು ಹುಟ್ಟಿಸೋದು ಕಷ್ಟ. ಅಂಗಡಿಯವರು ಮಾಡೆಲ್ ಕೊಡ್ತಾರೆ, ರಿಪೋರ್ಟ್ ಕೊಡ್ತಾರೆ, ನಾಲ್ಕು ತಿಂಗಳ ಗೊಂದಲವನ್ನ ಕೊಡೋಕಾಗಲ್ಲ. ಚಾಟ್‌ಜಿಪಿಟಿ ಬಂದ ಮೇಲಂತೂ ಅಚ್ಚುಕಟ್ಟಾದ ರಿಪೋರ್ಟಿಗೆ ಮಾರ್ಕ್ಸ್ ಕೊಡೋದು ಅಂದ್ರೆ ಯಾರಿಗೆ ಕೊಟ್ಟ ಹಾಗೆ ಅಂತ ನೀವೇ ಯೋಚನೆ ಮಾಡಿ. ಹಾಂ, ನೋಟ್‌ಬುಕ್ಕನ್ನೂ ಯಾರಾದ್ರೂ ಸೀನಿಯರ್‌ದು ನೋಡಿ ಕಾಪಿ ಹೊಡೀತಾರೆ, ನಮ್ಮ ಲ್ಯಾಬ್ ರೆಕಾರ್ಡುಗಳ ಇತಿಹಾಸ ನನಗೂ ಗೊತ್ತು. ಅದಕ್ಕೇ ಎಕ್ಸಾಮಿನರ್ ವೈವಾದಲ್ಲಿ ಅದರಿಂದ ಯಾವುದೋ ಒಂದು ಪುಟ ತೆಗೆದು, ಬರೆದವರನ್ನೇ ಕೇಳಬೇಕು: ಇದನ್ನ ಯಾಕೆ ಕೈಬಿಟ್ರಿ? ಎರಡು ನಿಮಿಷ ಸಾಕು, ರಾತ್ರಿ ಆಗಲ್ಲ.

ಅದರ ಜೊತೆಗೆ, ಬಿದ್ದ ಮಷೀನಿನ ಅಧ್ಯಾಯಕ್ಕೆ ಮಾರ್ಕ್ಸ್ ಇರಬೇಕು. ಕಳೆಯೋ ಮಾರ್ಕ್ಸ್ ಅಲ್ಲ, ಕೂಡೋ ಮಾರ್ಕ್ಸ್. ನಾನು ಡಿಲೀಟ್ ಮಾಡಿದ ಆ ಹನ್ನೆರಡು ಪುಟ ಇದ್ದಿದ್ರೆ, ಮುಂದಿನ ವರ್ಷ ಅದೇ ಕಾಲೇಜಿನಲ್ಲಿ ಕಡಲೆಕಾಯಿ ಯಂತ್ರ ಮಾಡಿದ ಜೂನಿಯರ್‌ಗಳು ಮತ್ತೆ ಕಬ್ಬಿಣದ ಪಟ್ಟಿಯಿಂದಲೇ ಶುರು ಮಾಡ್ತಿರಲಿಲ್ಲ. ಮಾಡಿದ್ರು. ಲೈಬ್ರರಿಯಲ್ಲಿದ್ದ ನಮ್ಮ ರಿಪೋರ್ಟನ್ನ ಓದಿಯೇ ಮಾಡಿದ್ರು, ಯಾಕಂದ್ರೆ ನಾವು ಟಯರಿಗೆ ಹೇಗೆ ಬಂದ್ವಿ ಅಂತ ಅದರಲ್ಲಿ ಎಲ್ಲೂ ಇರಲಿಲ್ಲ. ರಬ್ಬರ್ ಹಾಕಿದ್ರೆ ಸ್ಪೀಡ್ ಕಮ್ಮಿ ಅಂತ ತೆಗೆದು ಹಾಕಿದ್ರು.

ಕೊನೆಯದಾಗಿ ಭಾಷೆ ವಿಷಯ. ಇದು ಕನ್ನಡ ಸಂಘದ ಪತ್ರಿಕೆ ಆದ್ದರಿಂದ ಹೇಳ್ತಿಲ್ಲ, ಬೇರೆ ಎಲ್ಲಿ ಬರೆದರೂ ಹೇಳ್ತಿದ್ದೆ. ಥಿಯರಿ ಪರೀಕ್ಷೆ ಇಂಗ್ಲಿಷಲ್ಲಿರಲಿ, ರಿಪೋರ್ಟೂ ಇಂಗ್ಲಿಷಲ್ಲಿರಲಿ. ನಾಳೆ ಕೆಲಸಕ್ಕೆ ಹೋದಾಗ ಅದು ಬೇಕೇ ಬೇಕು, ಇಂಗ್ಲಿಷ್ ಕಲಿಯದೇ ಇರೋದು ಕನ್ನಡ ಪ್ರೇಮ ಅಂತ ನಾನು ಒಪ್ಪಲ್ಲ. ಆದರೆ ‘ಯಾಕೆ’ ಅನ್ನೋ ಪ್ರಶ್ನೆಗೆ ಉತ್ತರವನ್ನ ವಿದ್ಯಾರ್ಥಿ ಯೋಚನೆ ಮಾಡಿದ ಭಾಷೆಯಲ್ಲಿ ಹೇಳೋಕೆ ಬಿಡಬೇಕು. ಎದುರಿಗೆ ಕೂತ ಎಕ್ಸಾಮಿನರ್‌ಗೂ ಬಹುತೇಕ ಸಲ ಕನ್ನಡ ಬರುತ್ತೆ, ಟೀ ಬ್ರೇಕಲ್ಲಿ ಅವರು ಮಾತಾಡೋದು ಅದೇ. ಬಾರದವರಿದ್ರೆ ಟೀಮಿನ ಇನ್ನೊಬ್ಬರು ಇಂಗ್ಲಿಷಿಗೆ ಹೇಳಲಿ. ತಮಿಳಿನಲ್ಲಿ, ತೆಲುಗಿನಲ್ಲಿ, ಹಿಂದಿಯಲ್ಲಿ ಯೋಚನೆ ಮಾಡುವವರಿಗೂ ಇದೇ ಅನುಕೂಲ ಇರಲಿ. ಗ್ಯಾಪು ಯಾಕೆ ಹೆಚ್ಚಿಟ್ಟೆ ಅನ್ನೋದನ್ನ ಇಂಗ್ಲಿಷಲ್ಲಿ ಹೇಳೋಕೆ ಬಾರದವನಿಗೆ ಕಡಿಮೆ ಅಂಕ ಕೊಟ್ಟು, ಆ ಅಂಕವನ್ನ ಡಿಸೈನ್ ಸಾಮರ್ಥ್ಯ ಅನ್ನೋ ಕಾಲಮ್ಮಿನಲ್ಲಿ ಬರೆದರೆ ಅದು ಸುಳ್ಳು ದಾಖಲೆ. ಕಮ್ಯುನಿಕೇಶನ್‌ಗೆ ಬೇರೆ ಕಾಲಮ್ ಇದೆಯಲ್ಲ, ಅಲ್ಲಿ ಬೇಕಾದ್ರೆ ಕಡಿಮೆ ಕೊಡಿ.

ಇದನ್ನ ಹೇಳೋಕೆ ನನಗೆ ಎಷ್ಟು ಯೋಗ್ಯತೆ ಇದೆಯೋ ಗೊತ್ತಿಲ್ಲ. ಅವತ್ತು ಅವನು ತಡವರಿಸಿದಾಗ "ಸರ್, ಅವನು ಕನ್ನಡದಲ್ಲಿ ಹೇಳಲಿ" ಅಂತ ಒಂದು ಮಾತು ನಾನು ಅನ್ನಬಹುದಿತ್ತು.

ಆ ಮಷೀನ್ ಈಗ ಚಳ್ಳಕೆರೆ ಪಕ್ಕದ ಅವರ ಮನೆಯ ಜಗುಲಿ ಮೇಲಿದೆ. ಬಿತ್ತನೆಗೆ ಮುಂಚೆ, ಈ ಸಲದ ಬೇಸಿಗೆಯಲ್ಲಿ ಅವನು ಒಂದು ಫೋಟೋ ಕಳಿಸಿದ್ದ. ನೀಲಿ ಪೇಂಟ್ ಎಲ್ಲ ಕಿತ್ತು ಹೋಗಿದೆ, ಮೋಟರ್ ತೆಗೆದು ಕೈಯಲ್ಲಿ ತಿರುಗಿಸೋ ಹಿಡಿ ಹಾಕಿದ್ದಾನೆ, ಗ್ಯಾಪನ್ನೂ ಮತ್ತೆ ಬದಲಾಯಿಸಿದ್ದಾನೆ. ಯಾಕೋ ಅಂತ ಕೇಳಿದೆ. ಹನ್ನೊಂದು ನಿಮಿಷದ ವಾಯ್ಸ್ ಮೆಸೇಜ್ ಬಂತು.